ಡ್ರಾಯಿಂಗ್ ಟೀಚರ್ ಜಾಗಕ್ಕೆ ಯೂಟ್ಯೂಬ್ ಸಾಕಾ?

ಮಾನ್ಯ ಸಂಪಾದಕರೇ,

"ಎಲ್ಲಾ ಮೊಬೈಲಲ್ಲೇ ಸಿಗುತ್ತಲ್ಲ, ಚಿತ್ರ ಕಲಿಸೋಕೆ ಬೇರೆ ಟೀಚರ್ ಯಾಕೆ?" ಈ ಮಾತನ್ನು ಈಗ ಪೋಷಕರೂ ಹೇಳುತ್ತಾರೆ, ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರೂ ಹೇಳುತ್ತಾರೆ. ನಾನು ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಭಾನುವಾರ ಮನೆಯಲ್ಲೂ ಹೇಳಿಕೊಡುತ್ತೇನೆ. ಈ ಪ್ರಶ್ನೆಗೆ ಯಾರಾದರೂ ಸರಿಯಾಗಿ ಉತ್ತರ ಕೊಡಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಜಾಗ ಮಾಡಿಕೊಡಿ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೊಬೈಲ್ ಮೇಲೆ ಸಿಟ್ಟಿಲ್ಲ. ನಾವು ಕಲಿಯುವಾಗ ಡಚ್ ಚಿತ್ರಕಾರ ರೆಂಬ್ರಾಂಟ್ ಅಂದರೆ ಹಳೇ ಪುಸ್ತಕದಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಕಪ್ಪುಬಿಳುಪು ಚಿತ್ರ. ಅದರಲ್ಲಿ ಬೆಳಕು ಎಲ್ಲಿದೆ, ಮುಖ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ 2012ರಲ್ಲೇ ತನ್ನ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಲಿ ಅಂತ ನೆಟ್‌ಗೆ ಬಿಟ್ಟಿತು. 2022ರ ಜನವರಿಯಲ್ಲಿ ರೆಂಬ್ರಾಂಟ್‌ನ 'ನೈಟ್ ವಾಚ್' ಚಿತ್ರದ 717 ಗಿಗಾಪಿಕ್ಸೆಲ್ ಫೋಟೊ ಹಾಕಿತು. ಅಂದರೆ 71,700 ಕೋಟಿ ಚುಕ್ಕಿಗಳು. 1642ರಲ್ಲಿ ಬರೆದ ಚಿತ್ರದ ಒಂದೊಂದು ಬಿರುಕನ್ನೂ ನಾವು ಇಲ್ಲಿ ಕೂತು ಹಿಗ್ಗಿಸಿ ನೋಡಬಹುದು. ಆ ಚಿತ್ರದ ಮುಂಭಾಗದಲ್ಲಿ ಹಳದಿ ಅಂಗಿ ತೊಟ್ಟ ಒಬ್ಬ ಅಧಿಕಾರಿ ಇದ್ದಾನೆ. ದೂರದಿಂದ ಅವನ ಅಂಗಿಯ ಅಂಚಿನಲ್ಲಿ ಚಿನ್ನದ ಕಸೂತಿ ಎದ್ದು ಕಾಣುತ್ತದೆ. ಹತ್ತಿರ ಹೋದರೆ ಅಲ್ಲಿ ಕಸೂತಿಯೇ ಇಲ್ಲ, ದಪ್ಪ ಬಣ್ಣದ ಒರಟು ಗೀರು, ಮುದ್ದೆ, ಅಷ್ಟೇ. ಇದನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಿದಾಗ ಮಕ್ಕಳು ಮತ್ತೆ ಮತ್ತೆ ಹಿಂದೆ ಹೋಗಿ ಮುಂದೆ ಬನ್ನಿ ಅಂತ ಹಟ ಮಾಡಿದರು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಕೂಡ 2017ರಲ್ಲಿ ಸುಮಾರು 3.75 ಲಕ್ಷ ಫೋಟೊಗಳನ್ನು ಹೀಗೇ ಬಿಟ್ಟುಕೊಟ್ಟಿದೆ. ಇದೆಲ್ಲ ನಮ್ಮಂಥ ಊರಿನ ಶಾಲೆಗೆ ದೊಡ್ಡ ಆಸ್ತಿ. ಇಲ್ಲ ಅನ್ನೋಕೆ ಆಗುತ್ತಾ?

ಇನ್ನೊಂದು ಲಾಭವೂ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಕಲಾ ಕಾಲೇಜು, ಧಾರವಾಡದಲ್ಲಿ ಕಲಾವಿದ ಹಾಲಭಾವಿಯವರು ಕಟ್ಟಿದ ಕಲಾಶಾಲೆ, ದಾವಣಗೆರೆಯ ದೃಶ್ಯಕಲಾ ಕಾಲೇಜು, ಇವೆಲ್ಲ ಇವೆ ಅನ್ನುವುದೇ ಮೊದಲು ಹಳ್ಳಿಯ ಮಕ್ಕಳಿಗೆ ಗೊತ್ತಿರಲಿಲ್ಲ. ಈಗ ಅಲ್ಲಿ ಓದುವ ಅಕ್ಕಂದಿರು, ಅಣ್ಣಂದಿರು ಹಾಕುವ ಫೋಟೊ ನೋಡಿ, ಅವರಿಗೇ ಮೆಸೇಜ್ ಮಾಡಿ, ಪ್ರವೇಶ ಪರೀಕ್ಷೆ ಹೇಗಿರುತ್ತೆ ಅಂತ ಕೇಳಿಕೊಂಡು ಹೋದ ಮಕ್ಕಳಿದ್ದಾರೆ. ತುಂಬ ಒಳ್ಳೆಯದು.

ಆದರೆ ಕಲಿಸುವುದು ಬೇರೆ ವಿಷಯ. ಒಂದು ಉದಾಹರಣೆ ಕೊಡುತ್ತೇನೆ.

ಭಾನುವಾರದ ಕ್ಲಾಸಿನಲ್ಲಿ ಕಿಟಕಿ ಪಕ್ಕದ ಸ್ಟೂಲ್ ಮೇಲೆ ಒಂದು ಹಿತ್ತಾಳೆ ಚೊಂಬು, ಎರಡು ಬದನೆಕಾಯಿ, ಹಿಂದೆ ಒಂದು ಹಳೇ ಪಂಚೆ ಇಡುತ್ತೇನೆ. ವಸ್ತುಚಿತ್ರಕ್ಕೆ ಅಷ್ಟು ಸಾಕು. ಇತ್ತೀಚೆಗೆ ಮಕ್ಕಳು ಮೊದಲು ಮಾಡುವ ಕೆಲಸ ಏನು ಗೊತ್ತಾ? ಅಪ್ಪನ ಫೋನ್ ತೆಗೆದು ಚೊಂಬಿನ ಫೋಟೊ ಹೊಡೆಯುತ್ತಾರೆ. ಆಮೇಲೆ ಚೊಂಬಿಗೆ ಬೆನ್ನು ಹಾಕಿ ಕೂತು ಫೋನ್ ನೋಡಿಕೊಂಡು ಬರೆಯುತ್ತಾರೆ! ಅಲ್ಲೇ ಮೂರಡಿ ದೂರದಲ್ಲಿ ನಿಜವಾದ ಚೊಂಬು ಇದೆ. ಯಾಕಮ್ಮಾ ಅಂದರೆ, "ಫೋನಲ್ಲಿ ಈಸಿ ಟೀಚರ್, ಅಲ್ಲಾಡಲ್ಲ" ಅನ್ನುತ್ತಾರೆ.

ಮಗು ಹೇಳಿದ್ದು ಸರಿ. ನಿಜವಾದ ಚೊಂಬು ಅಲ್ಲಾಡುತ್ತದೆ. ನಾವು ತಲೆ ಒಂದಿಷ್ಟು ಎತ್ತಿದರೆ ಅದರ ಬಾಯಿ ಅಗಲ ಆಗುತ್ತದೆ, ತಗ್ಗಿಸಿದರೆ ಕಿರಿದಾಗುತ್ತದೆ, ಕಣ್ಣಿನ ಮಟ್ಟಕ್ಕೆ ಬಂದರೆ ಒಂದು ಗೆರೆ ಆಗಿಬಿಡುತ್ತದೆ. ಚಿತ್ರ ಕಲಿಯುವವರಿಗೆ ಮೊದಲ ಪಾಠವೇ ಇದು. ಇದನ್ನು ಕತ್ತು ಆಡಿಸಿಯೇ ಕಲಿಯಬೇಕು. ಫೋನಿನಲ್ಲಿ ಬಾಯಿ ಒಂದೇ ಥರ ನಿಂತಿರುತ್ತದೆ, ಮಗು ಅದನ್ನು ಗೆರೆಗೆ ಗೆರೆ ಇಳಿಸುತ್ತದೆ, ನಾಳೆ ಪರೀಕ್ಷೆಯಲ್ಲಿ ಬೇರೆ ಎತ್ತರದಲ್ಲಿ ಇಟ್ಟ ಪಾತ್ರೆ ಬಂದರೆ ಕೈ ಕಟ್ಟಿ ಕೂರುತ್ತದೆ. ಹತ್ತಿರದಿಂದ ಹೊಡೆದ ಫೋಟೊದಲ್ಲಿ ಮುಂದಿನ ಭಾಗ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಅಷ್ಟು ಹತ್ತಿರ ಹೋದದ್ದರ ಫಲ ಅದು. ನೆರಳು ಜಾಸ್ತಿ ಇದ್ದರೆ ಫೋನ್ ತಾನೇ ಅದನ್ನು ತಿಳಿ ಮಾಡಿಬಿಡುತ್ತದೆ. ಚೊಂಬಿನ ಹೊಟ್ಟೆ ಮೇಲೆ ಬದನೆಕಾಯಿಯ ನೇರಳೆ ಬಣ್ಣ ಸ್ವಲ್ಪ ಬಿದ್ದಿರುತ್ತದೆ, ಪಕ್ಕದಲ್ಲಿ ಕೂತ ಹುಡುಗಿಯ ಕೆಂಪು ಲಂಗವೂ ಒಂದು ಎಳೆಯಷ್ಟು ಕಾಣುತ್ತದೆ. ಅಷ್ಟು ಚಿಕ್ಕ ಸ್ಕ್ರೀನಿನಲ್ಲಿ ಇದನ್ನೆಲ್ಲ ಯಾರು ಗಮನಿಸುತ್ತಾರೆ? ನಾನು ಫೋನ್ ತೆಗೆದಿಡಿಸಿ, "ಚೊಂಬಿನಲ್ಲಿ ನಿನ್ನ ಲಂಗ ಎಲ್ಲಿದೆ ಹುಡುಕು" ಅಂದ ದಿನ ಆ ಹುಡುಗಿ ಬಹಳ ಹೊತ್ತು ಪೆನ್ಸಿಲ್ ಮುಟ್ಟಲೇ ಇಲ್ಲ. ಸುಮ್ನೆ ನೋಡುತ್ತಾ ಕೂತಳು. ಅವತ್ತು ಬರೆದ ಚಿತ್ರ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಅದು ಅವಳು ತಾನೇ ನೋಡಿ ಬರೆದ ಚಿತ್ರ.

ಕೊರೊನಾ ಕಾಲದಲ್ಲಿ ಇದರ ಇನ್ನೊಂದು ಮುಖ ನೋಡಿದೆ. ಮಕ್ಕಳು ಮನೆಯಲ್ಲಿ ಬರೆದು ವಾಟ್ಸಾಪ್‌ನಲ್ಲಿ ಫೋಟೊ ಕಳಿಸುತ್ತಿದ್ದರು. ಗಟ್ಟಿ ಪೆನ್ಸಿಲ್‌ನ ತೆಳು ಗೆರೆಗಳು ಫೋಟೊದಲ್ಲಿ ಮಾಯ. ಅದು ಹೋಗಲಿ. ನನಗೆ ಬರುತ್ತಿದ್ದುದು ಮುಗಿದ ಚಿತ್ರ ಮಾತ್ರ. ಆ ಮಗು ಪೆನ್ಸಿಲ್ ಹೇಗೆ ಹಿಡಿದಿತ್ತು, ಮೊನೆಗೆ ಅಂಟಿಕೊಂಡು ಹಿಡಿದಿತ್ತಾ, ಬೆರಳಲ್ಲಿ ಗೀಚಿತ್ತಾ ಇಲ್ಲ ತೋಳಿನಿಂದ ಎಳೆದಿತ್ತಾ, ಎದುರಿನ ವಸ್ತುವನ್ನು ಎಷ್ಟು ಸಲ ತಲೆಯೆತ್ತಿ ನೋಡಿತ್ತು, ಎಲ್ಲಿ ಹೆದರಿ ರಬ್ಬರ್ ಹಾಕಿತ್ತು, ಒಂದೂ ಗೊತ್ತಾಗುತ್ತಿರಲಿಲ್ಲ. ನಮ್ಮ ಕೆಲಸ ಇರುವುದೇ ಅಲ್ಲಿ. ಗೆರೆ ಅರ್ಧ ಎಳೆದಿರುವಾಗ ಹಿಂದಿನಿಂದ ಹೋಗಿ ಮೊಣಕೈಯನ್ನು ಬೆಂಚಿನಿಂದ ಎತ್ತಿಸುತ್ತೇವಲ್ಲ, ಆ ಒಂದು ಕ್ಷಣದಲ್ಲಿ ಆಗುವ ತಿದ್ದುಪಡಿ ಮುಗಿದ ಚಿತ್ರದ ಕೆಳಗೆ 'ಗುಡ್, ಇಂಪ್ರೂವ್ ಮಾಡು' ಅಂತ ಟೈಪ್ ಮಾಡಿದರೆ ಆಗುವುದಿಲ್ಲ. ಯೂಟ್ಯೂಬ್ ವಿಡಿಯೊಗಂತೂ ಮಗುವಿನ ಕೈ ಕಾಣುವುದೇ ಇಲ್ಲ. ಅದು ತನ್ನ ಪಾಡಿಗೆ ತಾನು ತೋರಿಸುತ್ತಾ ಹೋಗುತ್ತದೆ.

ಆ ತೋರಿಸುವ ರೀತಿಯಲ್ಲೂ ತೊಂದರೆ ಇದೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯಿತು, ಜುಲೈನಲ್ಲಿ ನಮ್ಮ ದೇಶದಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಶುರುವಾಯಿತು. ಆಗ ಶಾಲೆ ಮುಚ್ಚಿತ್ತು, ಪಾಠದ ನೆಪದಲ್ಲಿ ಮಕ್ಕಳ ಕೈಗೆ ಫೋನ್ ಬಂದಿತ್ತು. ಮೂರು ಗಂಟೆಯ ಜಲವರ್ಣ ಅಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಒಂದು ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣದ ಪದರ, ಹಾಕಿ ಒಣಗಲು ಕಾಯುವ ಭಾಗವನ್ನು ಕತ್ತರಿಸಿಬಿಟ್ಟಿರುತ್ತಾರೆ. ನಮ್ಮ ಮಲೆನಾಡಿನಲ್ಲಿ ಆಷಾಢದಲ್ಲಿ ಕಾಗದ ಒಣಗುವುದು ಅಂದರೆ ತಮಾಷೆಯಾ? ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಹಸಿ ಕಾಗದದ ಮೇಲೆ ಮಗು ಎರಡನೇ ಬಣ್ಣ ಹಚ್ಚುತ್ತದೆ, ಎಲ್ಲ ಕಲಸಿ ಕೆಸರಾಗುತ್ತದೆ. "ನಂಗೆ ಕೈ ಬರಲ್ಲ ಟೀಚರ್" ಅಂತ ಅಳುತ್ತದೆ. ಮಗುವಿನ ಕೈಯಲ್ಲಿ ಏನೂ ತಪ್ಪಿಲ್ಲ. ಒಂದು ಗಂಟೆ ಕಾಯಬೇಕಿತ್ತು ಅಂತ ಆ ವಿಡಿಯೊ ಅದಕ್ಕೆ ಹೇಳಲಿಲ್ಲ.

ಈಗ ಪ್ರತಿಭಾ ಕಾರಂಜಿಯ ವಿಷಯಕ್ಕೆ ಬರುತ್ತೇನೆ. ಯಾವ ಊರಿನ ಸ್ಪರ್ಧೆಗಾದರೂ ಹೋಗಿ ನೋಡಿ. 'ಪರಿಸರ ಉಳಿಸಿ' ಅಂತ ವಿಷಯ ಕೊಟ್ಟರೆ ಎರಡು ಕೈ, ಮಧ್ಯೆ ಭೂಗೋಳ. ಇಲ್ಲದಿದ್ದರೆ ಅರ್ಧ ಹಸಿರು ಅರ್ಧ ಒಣಗಿದ ಮರ. ಮುಕ್ತ ವಿಷಯ ಅಂದರೆ ದೊಡ್ಡ ಚಂದ್ರ, ಕೊಂಬೆ ಮೇಲೆ ಜೋಡಿ ಹಕ್ಕಿ, ಕೆಳಗೆ ಕೊಡೆ ಹಿಡಿದ ಹುಡುಗಿ. ನೆಟ್‌ನಲ್ಲಿ ಚಿತ್ರ ಹಂಚುವ ಪಿಂಟರೆಸ್ಟ್‌ನ ಒಂದೇ ಚಿತ್ರದ ಹತ್ತಾರು ಪ್ರತಿಗಳು ಒಂದೇ ಕೋಣೆಯಲ್ಲಿ. ಶಾಲೆಯ ಹಿಂದೆ ನಿಜವಾದ ಕಾಡಿದೆ, ಪಕ್ಕದಲ್ಲಿ ಶರಾವತಿ ಹಿನ್ನೀರಿದೆ, ಅದರಲ್ಲಿ ಮುಳುಗಿ ಬೋಳಾಗಿ ನಿಂತ ಮರಗಳಿವೆ, ಹಿನ್ನೀರು ದಾಟಿಸುವ ಲಾಂಚಿಗೆ ಕಾದು ಶಾಲೆಗೆ ಬಂದ ಮಕ್ಕಳೇ ಆ ಸಾಲಿನಲ್ಲಿ ಕೂತಿದ್ದಾರೆ. ರಾತ್ರಿ ದೀಪದ ಕೆಳಗೆ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುವವರನ್ನು ದಿನಾ ನೋಡುತ್ತಾರೆ. ಅದು ಯಾರ ಹಾಳೆಯಲ್ಲೂ ಬರುವುದಿಲ್ಲ.

ನಕಲು ಹೊಸದಲ್ಲ ಅಂತ ನೀವು ಹೇಳಬಹುದು. ನಿಜ. ನಮ್ಮ ಕಾಲದಲ್ಲೂ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ನದಿ, ಒಂದು ತೆಂಗಿನಮರ ಇತ್ತು. ಮೈಸೂರು ಸಾಂಪ್ರದಾಯಿಕ ಚಿತ್ರ ಕಲಿಯುವವರೂ ಗುರುಗಳ ರೇಖೆಯನ್ನು ನಕಲು ಮಾಡಿಯೇ ಶುರು ಮಾಡುತ್ತಾರೆ. ಆದರೆ ಅಲ್ಲಿ ಗುರು ಪಕ್ಕದಲ್ಲಿ ಇರುತ್ತಾರೆ. ದೇವಿಯ ಕೈಬೆರಳು ಹೀಗೆ ಯಾಕೆ ಬಾಗಬೇಕು, ಗೆಸ್ಸೊ ಅನ್ನುವ ಉಬ್ಬು ಲೇಪವನ್ನು ಎಷ್ಟು ತೆಳ್ಳಗೆ ಎತ್ತಬೇಕು, ಚಿನ್ನದ ರೇಕು ಅಂಟಿಸುವಾಗ ಫ್ಯಾನ್ ಯಾಕೆ ಆರಿಸಬೇಕು ಅಂತ ಹೇಳುತ್ತಾರೆ. ಇನ್ನು ಆ ಚಿತ್ರವನ್ನು ಫೋನಿನಲ್ಲಿ ನೋಡಿದರೆ ಚಿನ್ನ ಬರೀ ಕಂದುಹಳದಿ. ಎದುರು ನಿಂತು ತಲೆ ಆಚೀಚೆ ಮಾಡಿದಾಗಲೇ ಅದು ಹೊಳೆಯುವುದು, ಒಡವೆಯ ಉಬ್ಬು ಕಾಣುವುದು.

ಲೈಕ್ ವಿಷಯ ಇನ್ನೂ ಕಷ್ಟದ್ದು. ಒಬ್ಬ ಹುಡುಗ ಒಂಬತ್ತನೇ ಕ್ಲಾಸಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಜನರನ್ನು ಬೇಗ ಬೇಗ ಸ್ಕೆಚ್ ಮಾಡುತ್ತಿದ್ದ. ತುಂಬ ಜೀವಂತ ಗೆರೆ. ಆಮೇಲೆ ಪುನೀತ್ ರಾಜ್‌ಕುಮಾರ್ ಅವರ ಫೋಟೊ ನೋಡಿ ಪೆನ್ಸಿಲ್‌ನಲ್ಲಿ ನುಣ್ಣಗೆ ತೀಡಿದ ಒಂದು ಚಿತ್ರ ಹಾಕಿದ, ನೂರಾರು ಜನ ಮೆಚ್ಚಿದರು. ಅಭಿಮಾನ ತಪ್ಪಲ್ಲ, ಅಪ್ಪು ಅಂದರೆ ನಮಗೆಲ್ಲರಿಗೂ ಪ್ರೀತಿಯೇ. ಆದರೆ ಅಲ್ಲಿಂದ ಆ ಹುಡುಗ ನಟರ ಮುಖ ಬಿಟ್ಟು ಬೇರೆ ಏನೂ ಬರೆಯಲಿಲ್ಲ. ಬಸ್‌ಸ್ಟ್ಯಾಂಡಿನ ಸ್ಕೆಚ್ ಹಾಕಿದರೆ ಯಾರೂ ನಿಂತು ನೋಡಲ್ಲ ಟೀಚರ್ ಅಂದ. ಹದಿನೈದು ವರ್ಷದ ಮಗುವಿಗೆ ಏನು ಬರೆಯಬೇಕು ಅನ್ನುವುದನ್ನು ಎಲ್ಲೋ ಕೂತ ಕಂಪನಿಯ ಲೆಕ್ಕಾಚಾರ ತೀರ್ಮಾನ ಮಾಡುತ್ತಿದೆ. ಆ ಲೆಕ್ಕಕ್ಕೆ ಬೇಕಾಗಿರುವುದು ಜನ ಫೋನ್ ಕೆಳಗೆ ಇಡಬಾರದು ಅನ್ನುವುದಷ್ಟೇ. ಹುಡುಗನ ಕೈ ಮುಂದೆ ಏನಾಗುತ್ತದೆ ಅನ್ನುವ ಚಿಂತೆ ಅದಕ್ಕೆ ಯಾಕಿರುತ್ತೆ?

ಇದೇ ನೆಟ್ ನಮ್ಮೂರಿನ ಗೋಡೆಚಿತ್ರ ಹಸೆ ಚಿತ್ತಾರಕ್ಕೆ ಹೆಸರನ್ನೂ ತಂದಿದೆ, ಅದನ್ನು ಸಂತೋಷದಿಂದ ಒಪ್ಪುತ್ತೇನೆ. ಬೆಂಗಳೂರಿನವರು ಫೋಟೊ ನೋಡಿ ಕೇಳಿಕೊಂಡು ಬರುತ್ತಾರೆ. ಅದನ್ನು ಬರೆಯುವ ದೀವರ ಸಮುದಾಯದ ಹೆಣ್ಣುಮಕ್ಕಳಿಗೆ ಆರ್ಡರ್ ಸಿಗುತ್ತದೆ. ಆದರೆ ನಮ್ಮ ಕಡೆಯ ಎಷ್ಟೋ ಶಾಲೆ, ಅಂಗನವಾಡಿ ಗೋಡೆಗಳ ಮೇಲೆ ಇರುವುದು ಮಹಾರಾಷ್ಟ್ರದ ವಾರ್ಲಿ. ಯಾಕಂದರೆ ಹುಡುಕಿದ ತಕ್ಷಣ ಸಿಗುವುದು ಅದು. ವಾರ್ಲಿ ಚೆಂದದ ಕಲೆ, ಅದಕ್ಕೆ ಅದರ ಮರ್ಯಾದೆ ಇದೆ. ಆದರೆ ಅಡುಗೆಮನೆಯಲ್ಲಿ ಚಿತ್ತಾರ ಬಲ್ಲ ಅಜ್ಜಿ ಇರುವಾಗ ಮೊಮ್ಮಗಳು ವಾರ್ಲಿ ಬರೆದು ಕೆಳಗೆ 'ಚಿತ್ತಾರ' ಅಂತ ಹೆಸರು ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಭೂಮಿ ಹುಣ್ಣಿಮೆಗೆ ಮುಂಚೆ ಅಂಥ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆಸಿದೆ. ಆ ಹಬ್ಬಕ್ಕೆ ಗದ್ದೆಗೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಕಾಲ ಅದು. ಅವರು ಪುಂಡಿ ನಾರು ತಂದಿದ್ದರು. ಅದನ್ನು ಬಡಿದು, ಎಳೆ ಬಿಡಿಸಿ, ಮಕ್ಕಳ ಕೈಯಲ್ಲೇ ಕುಂಚ ಕಟ್ಟಿಸಿದರು. ಬಿಳಿ ಅಂದರೆ ನೆನೆಸಿ ರುಬ್ಬಿದ ಅಕ್ಕಿ. ಕಪ್ಪು ಅಂದರೆ ಸೀದುಹೋಗುವಷ್ಟು ಹುರಿದ ಅಕ್ಕಿ. ಹಳದಿಗೆ ಗುರಿಗೆ ಕಾಯಿ, ಕೆಂಪಿಗೆ ಕೆಮ್ಮಣ್ಣು. ಅಕ್ಕಿ ಹಿಟ್ಟು ಎಷ್ಟು ನೀರಾಗಿರಬೇಕು ಅಂತ ಅಜ್ಜಿ ಬಾಯಲ್ಲಿ ಹೇಳಲಿಲ್ಲ, ಪ್ರತಿ ಮಗುವಿನ ಬೆರಳನ್ನು ಬಟ್ಟಲಿಗೆ ಅದ್ದಿಸಿದರು. ಒಬ್ಬ ಹುಡುಗಿ ಗೆರೆ ಎಳೆಯುವಾಗ ಮಧ್ಯೆ ಮಧ್ಯೆ ನಿಲ್ಲಿಸುತ್ತಿದ್ದಳು. ಅಜ್ಜಿ ಅವಳ ಮಣಿಕಟ್ಟು ಹಿಡಿದು, "ನಿಲ್ಸಬ್ಯಾಡ ಮಗಾ, ಕೊನೆ ನೋಡ್ಕಂಡು ಎಳಿ" ಅಂದರು. ಅಂದರೆ ಕುಂಚದ ತುದಿ ನೋಡಬೇಡ, ಗೆರೆ ಹೋಗಿ ಮುಟ್ಟಬೇಕಾದ ಜಾಗ ನೋಡು ಅಂತ. ನಾವು ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿತದ್ದೂ ಅದನ್ನೇ. ಈ ಮಾತು ಯಾವ ರೀಲ್ಸ್‌ನಲ್ಲೂ ನನಗೆ ಸಿಕ್ಕಿಲ್ಲ. ಅಜ್ಜಿ ಬರೆಯುವುದನ್ನು ಮಕ್ಕಳು ವಿಡಿಯೊ ಮಾಡಿಕೊಂಡರು, ಅದು ತುಂಬ ಒಳ್ಳೆಯ ಕೆಲಸ, ನಾಳೆಗೆ ಬೇಕು. ಆದರೆ ಮೊದಲು ಅಜ್ಜಿ, ಆಮೇಲೆ ವಿಡಿಯೊ.

ತಪ್ಪು ಮಾಹಿತಿ ಹರಡುವುದಂತೂ ಹೇಳತೀರದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ ಇದೆಯಲ್ಲ, ಅದನ್ನು ಫಾರ್ವರ್ಡ್ ಮಾಡುವವರು ಎಷ್ಟೋ ಸಲ ರಾಜಾ ರವಿವರ್ಮರ ಹೆಸರು ಹಾಕುತ್ತಾರೆ. ಬರೆದವರು ಎಸ್.ಎಲ್. ಹಲ್ದಣಕರ್. ರೂಪದರ್ಶಿಯಾಗಿ ನಿಂತವರು ಅವರ ಸ್ವಂತ ಮಗಳು. ಎಲ್ಲಕ್ಕಿಂತ ಮುಖ್ಯ, ಅದು ಜಲವರ್ಣ. ಬೆರಳ ಸಂದಿಯಿಂದ ಹಾಯ್ದು ಬರುವ ಆ ಕೆಂಪು ಬೆಳಕನ್ನು ನೀರುಬಣ್ಣದಲ್ಲಿ ತಂದಿದ್ದಾರೆ ಅಂತ ಗೊತ್ತಾದಾಗ ನಮ್ಮ ಮಕ್ಕಳಿಗೆ ಎಂಥ ಉತ್ಸಾಹ ಬಂತು ಗೊತ್ತಾ, ತಮ್ಮ ಕೈಯಲ್ಲಿ ಇರುವುದೂ ಅದೇ ಬಣ್ಣ ತಾನೇ. ಆದರೆ ಫಾರ್ವರ್ಡ್ ಆಗಿ ಆಗಿ ಸವೆದ ಆ ಮಸುಕು ಫೋಟೊದಲ್ಲಿ ನೀರೂ ಕಾಣುವುದಿಲ್ಲ, ಕಾಗದವೂ ಕಾಣುವುದಿಲ್ಲ.

ಪೋಷಕರಿಗೆ ಒಂದು ಮಾತು. ವಾಟ್ಸಾಪ್‌ನಲ್ಲಿ ಬರುವ 'ರಾಷ್ಟ್ರಮಟ್ಟದ ಆನ್‌ಲೈನ್ ಚಿತ್ರಕಲಾ ಸ್ಪರ್ಧೆ'ಗಳಿಗೆ ದಯವಿಟ್ಟು ದುಡ್ಡು ಕಟ್ಟಬೇಡಿ. ನೂರೋ ಇನ್ನೂರೋ ತೆಗೆದುಕೊಂಡು ಕಳಿಸಿದವರಿಗೆಲ್ಲ ಸರ್ಟಿಫಿಕೇಟ್ ಕೊಡುವಂಥವೇ ಅದರಲ್ಲಿ ಜಾಸ್ತಿ. ಆ ದುಡ್ಡಿಗೆ ಒಳ್ಳೆಯ ಕಾಗದ ಕೊಡಿಸಿ. 2022ರಿಂದ ಈಚೆಗೆ ಹೇಳಿದ್ದನ್ನು ಕ್ಷಣದಲ್ಲಿ ಚಿತ್ರ ಮಾಡಿಕೊಡುವ ಎಐ ಕೂಡ ಬಂದಿದೆ. 2025ರ ಮಾರ್ಚ್‌ನಲ್ಲಿ ಎಲ್ಲರೂ ತಮ್ಮ ಫೋಟೊವನ್ನು ಜಪಾನಿನ ಜಿಬ್ಲಿ ಕಾರ್ಟೂನಿನಂತೆ ಮಾಡಿಸಿಕೊಂಡರು, ನೆನಪಿರಬಹುದು. ಆಗ ಒಬ್ಬ ವಿದ್ಯಾರ್ಥಿ ಕೇಳಿದ, "ಇನ್ಮೇಲೆ ನಾವು ಕಲಿತು ಏನು ಪ್ರಯೋಜನ ಟೀಚರ್?" ಎಂಟನೇ ಕ್ಲಾಸಿನ ಮಗು ಅಂಥ ಪ್ರಶ್ನೆ ಕೇಳುವಾಗ ಎದುರಿಗೆ ಒಬ್ಬ ಮನುಷ್ಯ ಇರಬೇಕು. ನಾವು ಅವತ್ತು ಪಾಠ ಬಿಟ್ಟು ಅದನ್ನೇ ಮಾತಾಡಿದೆವು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಒಂದು ವಿಷಯವಾಗಿ ಇರಲೇಬೇಕು ಅಂದಿತ್ತು. 2020ರ ಶಿಕ್ಷಣ ನೀತಿಯೂ ಕಲೆಯನ್ನು ಉಳಿದ ಪಾಠಗಳ ಜೊತೆ ಬೆಸೆಯಿರಿ ಅಂದಿತು. ಕಾಗದದ ಮೇಲೆ ಎಲ್ಲ ಇದೆ. ನಮ್ಮ ಸುತ್ತಲಿನ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದರೆ ಆ ಜಾಗ ಹಾಗೇ ಖಾಲಿ ಉಳಿಯುತ್ತದೆ. ಆ ಪಿರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಕೇಳಿದರೆ ಸ್ಮಾರ್ಟ್ ಕ್ಲಾಸ್ ಇದೆ, ವಿಡಿಯೊ ಹಾಕಿ ಅನ್ನುತ್ತಾರೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಅದೂ ಇಲ್ಲ.

ಸರ್ಕಾರಕ್ಕೆ ನಿಜವಾಗಿ ಡಿಜಿಟಲ್ ಮೇಲೆ ಪ್ರೀತಿ ಇದ್ದರೆ ಮಾಡಬಹುದಾದ ಕೆಲಸ ಬೇರೆ ಇದೆ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳಿವೆ. ಮೈಸೂರು ಮಹಾರಾಜರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತು ಬಂದ ನಮ್ಮ ಕಲಾವಿದರು ಅವರು. ಆ ಚಿತ್ರಗಳನ್ನು, ಕಾಗದದ ನಾರು ಕಾಣುವಷ್ಟು ದೊಡ್ಡ ಫೋಟೊ ಮಾಡಿ, ಕನ್ನಡದಲ್ಲಿ ವಿವರ ಬರೆದು, ಯಾವ ಶಾಲೆಯಾದರೂ ಪುಕ್ಕಟೆ ಇಳಿಸಿಕೊಳ್ಳುವಂತೆ ಇಡಲಿ. ಜಗನ್ಮೋಹನ ಅರಮನೆಯವರನ್ನೂ ಕೇಳಿಕೊಳ್ಳಲಿ. ಸುರಪುರದ ಕಿರುಚಿತ್ರಗಳು, ಕಿನ್ನಾಳದ ಬಣ್ಣದ ಮರಗೆಲಸ, ನಮ್ಮ ಚಿತ್ತಾರ, ಇವನ್ನು ಬಲ್ಲವರ ಕೈ ಕಾಣುವಂತೆ, ಕತ್ತರಿಸದೆ, ಅವರವರ ಮಾತಿನಲ್ಲೇ ಚಿತ್ರೀಕರಿಸಿ ಇಡಲಿ. ಅಂಥದ್ದು ಸಿಕ್ಕರೆ ನಾನೇ ಮೊದಲು ಕ್ಲಾಸಿನಲ್ಲಿ ಹಾಕುತ್ತೇನೆ.

ಪ್ರತಿಭಾ ಕಾರಂಜಿಯ ತೀರ್ಪುಗಾರರಲ್ಲೂ ಒಂದು ವಿನಂತಿ. ವಿಷಯವನ್ನು ಮೊದಲೇ ಹೇಳಿಬಿಡಬೇಡಿ. ಮಕ್ಕಳ ಎದುರಿಗೆ ಒಂದು ಕೊಡ, ಒಂದು ಬಾಳೆಗೊನೆ, ಏನಾದರೂ ಇಟ್ಟು ಬರೆಸಿ. ಇಲ್ಲದಿದ್ದರೆ ಅಂಗಳಕ್ಕೆ ಕರೆದುಕೊಂಡು ಹೋಗಿ ಕೂರಿಸಿ. ಇದಕ್ಕೆ ಖರ್ಚಿಲ್ಲ, ಆದೇಶವೂ ಬೇಕಾಗಿಲ್ಲ, ಈ ವರ್ಷದಿಂದಲೇ ಆಗುತ್ತದೆ. ಹುದ್ದೆ ತುಂಬುವುದಕ್ಕೆ ಆದೇಶ ಬೇಕು. ಕಾಯಂ ನೇಮಕ ತಡ ಆಗುವುದಾದರೆ, ನಾಲ್ಕು ವರ್ಷ ದೃಶ್ಯಕಲೆ ಓದಿ ಕೆಲಸ ಇಲ್ಲದೆ ಕೂತಿರುವ ಯುವಕ ಯುವತಿಯರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಅವರನ್ನು ಅತಿಥಿ ಶಿಕ್ಷಕರಾಗಿಯಾದರೂ ತೆಗೆದುಕೊಳ್ಳಲಿ, ಇಬ್ಬರು ಮೂವರು ಶಾಲೆ ಹಂಚಿಕೊಂಡು ವಾರಕ್ಕೆ ಎರಡು ದಿನ ಬಂದರೂ ಸಾಕು. ಹೊಸ ಶಾಲಾವರ್ಷ ಶುರುವಾಗುವ ಮುಂಚೆ ಇದಾಗಲಿ.

ಇಂತಿ,
ಒಬ್ಬ ಚಿತ್ರಕಲಾ ಶಿಕ್ಷಕಿ, ಸಾಗರ ತಾಲ್ಲೂಕು